ಹಳೆಯ ಸೀಳಿಗೆ ಹೊಸ ಬ್ಲೇಡು

ಅವಳ ಅಂಗಡಿಗೆ ಹೋಗಿ "ಒಂದು ಬ್ಲೇಡ್ ಕೊಡಿ" ಅಂದವರು ಯಾರೂ ಐದು ನಿಮಿಷದೊಳಗೆ ಬ್ಲೇಡ್ ಹಿಡಿದು ಹೊರಬಿದ್ದದ್ದಿಲ್ಲ. ಮೊದಲು ವಿಚಾರಣೆ ಮುಗಿಯಬೇಕು. ಕಬ್ಬಿಣವೋ ಹಿತ್ತಾಳೆಯೋ? ಗಟ್ಟಿಯೋ ಪೊಳ್ಳೋ? ಪೊಳ್ಳಾದರೆ ಪೈಪಿನ ಗೋಡೆ ಎಷ್ಟು ದಪ್ಪ? ಒಂದೊಂದಾಗಿ ಕೊಯ್ಯುತ್ತೀರೋ, ಹತ್ತು ಸೇರಿಸಿ ಕಟ್ಟು ಕಟ್ಟಿ ಕೊಯ್ಯುತ್ತೀರೋ? ಗಿರಾಕಿ ಪಾಪ, ಹೊರಗೆ ಗಾಡಿಯನ್ನು ಅಡ್ಡಾದಿಡ್ಡಿ ನಿಲ್ಲಿಸಿ ಬಂದಿರುತ್ತಾನೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಅವನು ಉತ್ತರ ಕೊಡುತ್ತಿರುವಾಗ ಕೊನೆಯ ಪ್ರಶ್ನೆ ಬರುತ್ತದೆ.

"ಪುಡಿ ತಂದಿದೀರಾ?"

ಪುಡಿ ಅಂದರೆ ಬೇರೇನಲ್ಲ, ಬ್ಯಾಂಡ್‌ಸಾ ಎಂಬ ಪಟ್ಟಿಗರಗಸದ ಮಷಿನ್ನಿನಲ್ಲಿ ಲೋಹ ಕೊಯ್ಯುವಾಗ ಕೆಳಗೆ ಉದುರಿದ ಚೂರು. ಅದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ತಂದವರಿಗೆ ಅವಳ ಅಂಗಡಿಯಲ್ಲಿ ಸ್ಟೂಲು, ಫ್ಯಾನಿನ ಗಾಳಿ ಎರಡೂ ಸಿಗುತ್ತಿದ್ದವು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಸುರಿದು, ಪೆನ್ಸಿಲ್ ತುದಿಯಿಂದ ಹರಡಿ, ಕನ್ನಡಕ ಹಣೆಗೇರಿಸಿ ನೋಡುತ್ತಿದ್ದಳು. ಬೆಳ್ಳಗೆ ಹೊಳೆಯುವ ಸಡಿಲ ಸುರುಳಿಯಿದ್ದರೆ ಬ್ಲೇಡು ಹೊಟ್ಟೆ ತುಂಬ ಉಣ್ಣುತ್ತಿದೆ ಎಂದರ್ಥ. ಹಿಟ್ಟಿನಂತೆ ನುಣ್ಣಗಿದ್ದರೆ ಅದು ಕೊಯ್ಯುತ್ತಿಲ್ಲ, ಬರೀ ಉಜ್ಜುತ್ತಿದೆ. ನೀಲಿಗಟ್ಟಿದ್ದರೆ ಸುಡುತ್ತಿದೆ, ಯಾರೋ ಅವಸರದವನು ಮೇಲಿಂದ ಅಮುಕುತ್ತಿದ್ದಾನೆ. ಅವಸರದವರು ಎಲ್ಲ ಕಸುಬಿನಲ್ಲೂ ಇರುತ್ತಾರೆ, ಏನು ಮಾಡುವುದು.

ಜನ ಅವಳನ್ನು ಎದುರಿಗೆ "ಅಕ್ಕ" ಅನ್ನುತ್ತಿದ್ದರು, ಬೆನ್ನ ಹಿಂದೆ "ಬ್ಲೇಡಕ್ಕ". ಮಾರುವ ಮಾಲಿನಿಂದ ಆ ಹೆಸರು ಬಂತೋ, ಆಡುವ ಮಾತಿನಿಂದ ಬಂತೋ ಎಂದು ಅವಳು ಯಾರನ್ನೂ ಕೇಳಹೋಗಲಿಲ್ಲ. ಕೇಳಿದವರಿಗೂ ಕೇಳದವರಿಗೂ ಪಾಠ ಮಾತ್ರ ತಪ್ಪುತ್ತಿರಲಿಲ್ಲ. ತೆಳುವಾದದ್ದಕ್ಕೆ ಸಣ್ಣ ಹಲ್ಲು. ಯಾವ ಗಳಿಗೆಯಲ್ಲೂ ಕಡೇಪಕ್ಷ ಮೂರು ಹಲ್ಲು ಲೋಹದ ಮೇಲೆ ಇರಬೇಕು, ಇಲ್ಲದಿದ್ದರೆ ಇಡೀ ಭಾರ ಒಂದೇ ಹಲ್ಲಿನ ಮೇಲೆ ಬಿದ್ದು ಅದು ಕಿತ್ತು ಬರುತ್ತದೆ. ದಪ್ಪವಾದದ್ದಕ್ಕೆ ದೊಡ್ಡ ಹಲ್ಲು, ನಡುವೆ ಅಗಲವಾದ ಸಂದು. ಕೊಯ್ದ ಪುಡಿಗೆ ಹೊರಗೆ ಬರುವ ತನಕ ಕೂರಲು ಜಾಗ ಬೇಕಲ್ಲ! "ಬಸ್ಸಲ್ಲಿ ಸೀಟಿಲ್ಲದೆ ಜನ ಹತ್ಸಿದ್ರೆ ಏನಾಗುತ್ತೆ? ಅದೇ ಆಗುತ್ತೆ," ಎಂದು ಮುಗಿಸುತ್ತಿದ್ದಳು.

ಹುಟ್ಟುತ್ತಲೇ ಇದನ್ನೆಲ್ಲ ಕಲಿತು ಬಂದವಳೇನಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಗೊತ್ತಿದ್ದ ಹಲ್ಲುಗಳೆಂದರೆ ಬಾಯಲ್ಲಿರುವವು ಮತ್ತು ಬಾಚಣಿಗೆಯವು. ಅಂಗಡಿ ಮಾವನವರದು, ಅವರ ನಂತರ ಗಂಡನ ಅಣ್ಣ, ಅಂದರೆ ಭಾವ, ನೋಡಿಕೊಳ್ಳುತ್ತಿದ್ದರು. ಗಂಡ ಅಂಗಡಿಯ ವ್ಯಾನು ಓಡಿಸುತ್ತಿದ್ದ. ಅವನು ದಿನಕ್ಕೆ ಎಣಿಸಿ ಇಪ್ಪತ್ತು ಮಾತಾಡುವ ಮನುಷ್ಯ, ಅದರಲ್ಲಿ ಹತ್ತು "ಹೂಂ". ಬ್ಲೇಡುಗಳು ಉದ್ದನೆಯ ಸುರುಳಿಯಾಗಿ ಬರುತ್ತವೆ. ಗಿರಾಕಿಯ ಮಷಿನ್ನಿಗೆ ಬೇಕಾದಷ್ಟು ಉದ್ದ ಕತ್ತರಿಸಿ, ಎರಡು ತುದಿಗಳನ್ನು ಬೆಸೆದು ಬಳೆಯಂತೆ ಮಾಡಿ ಕೊಡಬೇಕು. ಆ ಬೆಸೆಯುವ ಮಷಿನ್ನಿನ ಮುಂದೆ ಕೂರುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಊಟದ ಡಬ್ಬಿ ಕೊಡಲು ಬಂದಿದ್ದ ಇವಳು, ಭಾವ ತಲೆ ಮೇಲೆ ಕೈಹೊತ್ತು ಕೂತದ್ದು ನೋಡಿ, "ನಾನೊಂದ್ ಸಲ ನೋಡ್ಲಾ?" ಅಂದಳು. ಭಾವ ನಕ್ಕರು. ಆ ನಗು ನೋಡಿಯೇ ಅವಳಿಗೆ ಹಟ ಬಂತು.

ಅವಳು ಬೆಸೆದ ಮೊದಲ ಬ್ಲೇಡು ಗಿರಾಕಿಯ ಮಷಿನ್ನಿನಲ್ಲಿ ಒಂದು ಸುತ್ತು ತಿರುಗಿ ಟಪ್ಪೆಂದು ಎರಡಾಯಿತು. ಬೆಸೆದ ಜಾಗವನ್ನು ಇನ್ನೊಮ್ಮೆ ಹದವಾಗಿ ಕಾಯಿಸಿ ನಿಧಾನಕ್ಕೆ ಆರಲು ಬಿಡಬೇಕು, ಇಲ್ಲದಿದ್ದರೆ ಗಾಜಿನ ಹಾಗೆ ಒಡೆಯುತ್ತದೆ ಎಂಬುದು ಅವಳಿಗೆ ಯಾರೂ ಹೇಳಿರಲಿಲ್ಲ. ಹತ್ತನೆಯದು ಮುರಿಯದೆ ನಿಂತಿತು. ಹದಿನೆಂಟು ವರ್ಷಗಳಾದ ಮೇಲೆ ಈಗ ಅವಳು ಬೆಸೆದ ಜಾಗ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದರೂ ಸಿಗುವುದಿಲ್ಲ. ಆ ಮಷಿನ್ನಿನ ಮುಂದಿನ ಕುರ್ಚಿ ಅವಳದು. ಅದರಲ್ಲಿ ಬೇರೆ ಯಾರಾದರೂ ಕೂತರೆ ಅವಳಿಗೆ ತನ್ನ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋದಂತೆ ಆಗುತ್ತಿತ್ತು.

ಪುಡಿ ಕಳಿಸುವ ಗಿರಾಕಿಗಳಲ್ಲಿ ಒಬ್ಬನೇ ಒಬ್ಬ ಒಂದು ಸಲವೂ ತಪ್ಪಿಸಿದವನಲ್ಲ. ಊರಾಚೆಯ ದೊಡ್ಡ ವರ್ಕ್‌ಶಾಪಿನ ಬ್ಯಾಂಡ್‌ಸಾ ನಡೆಸುವ ಹಿರಿಯ, ಎಲ್ಲರ ಬಾಯಲ್ಲೂ ನಿಧಾನಣ್ಣ. ಹದಿನೈದು ವರ್ಷದಿಂದ ಇವಳ ಗಂಡನ ಕೈಯಲ್ಲಿ ಪೊಟ್ಟಣ ಕಳಿಸುತ್ತಿದ್ದ. ಅಂಚು ಒಳಗೆ ಮಡಚಿ ಅಚ್ಚುಕಟ್ಟಾಗಿ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ, ಮುಂದೆ ಕೊಯ್ಯಬೇಕಾದದ್ದು ಏನೆಂದು, ಒಂದೇ ಒಂದು ಪದ: "ಪೈಪು", ಇಲ್ಲವೇ "ಪಟ್ಟಿ". ಇವಳು ನೋಡಿ, "ಒತ್ತಡ ಸ್ವಲ್ಪ ಕಮ್ಮಿ ಮಾಡಿ," ಎಂದು ಅದೇ ಕಾಗದದ ಹಿಂದೆ ಬರೆದು ವಾಪಸು ಕಳಿಸುತ್ತಿದ್ದಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಆದರೂ ಅವನಿಗೆ ಜ್ವರ ಬಂದು ಬೇರೆಯವರು ಮಷಿನ್ ನಡೆಸಿದ ವಾರ ಪುಡಿ ನೋಡಿಯೇ ಇವಳಿಗೆ ಗೊತ್ತಾಗಿತ್ತು.

ಇಷ್ಟೆಲ್ಲ ಇದ್ದ ಮೇಲೂ ಎಡವಟ್ಟಾಯಿತು.

ಒಂದು ಬುಧವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವಳು ಬೆಸುಗೆಯಲ್ಲಿ ಮುಳುಗಿದ್ದಾಗ ವರ್ಕ್‌ಶಾಪಿನ ಫೋರ್‌ಮನ್ ಫೋನ್ ಮಾಡಿ, "ಆರಿಂಚಿನದು ಕೊಯ್ಬೇಕು, ಒಂದು ಬ್ಲೇಡ್ ಕಳ್ಸಿ," ಎಂದು ಇಟ್ಟುಬಿಟ್ಟ. ಗಂಡ ನಿಧಾನಣ್ಣನ ಪೊಟ್ಟಣವನ್ನೂ ತಂದು ಮೇಜಿನ ಮೇಲಿಟ್ಟ. ಅವಳು ಅದನ್ನು ಬಿಚ್ಚಲಿಲ್ಲ, ತಿರುಗಿಸಿಯೂ ನೋಡಲಿಲ್ಲ, ಡ್ರಾಯರಿಗೆ ತಳ್ಳಿದಳು. ಹತ್ತು ವರ್ಷದಿಂದ ಅಲ್ಲಿ ಆರಿಂಚು ಅಂದರೆ ಪೈಪೇ. ಗೊತ್ತಿರುವುದನ್ನು ಕೇಳುವುದೇನು? ಇಂಚಿಗೆ ಎಂಟು ಹಲ್ಲಿನ ಬ್ಲೇಡು ಬೆಸೆದು ಕಳಿಸಿದಳು.

ಮರುದಿನ ಗಂಡ ಬಂದವನು ತನ್ನ ಇಪ್ಪತ್ತು ಮಾತಿನಲ್ಲಿ ಆರನ್ನು ಒಟ್ಟಿಗೆ ಖರ್ಚು ಮಾಡಿದ. "ಅದು ಪೈಪಲ್ವಂತೆ. ಗಟ್ಟಿ ದಂಡವಂತೆ. ಹಲ್ಲು ಉದುರ್ತಂತೆ."

ಅವಳು ನಾಲಿಗೆ ಕಚ್ಚಿಕೊಂಡಳು. ಆರಿಂಚು ದಪ್ಪದ ಗಟ್ಟಿ ಉಕ್ಕಿನ ದಂಡಕ್ಕೆ ಎಂಟು ಹಲ್ಲಿನ ಬ್ಲೇಡು! ಪುಡಿಗೆ ಕೂರಲು ಜಾಗವೇ ಇಲ್ಲ. ತಕ್ಷಣ ಇಂಚಿಗೆ ಮೂರು ಹಲ್ಲಿನವು ನಾಲ್ಕು ಬೆಸೆದು ಕಳಿಸಿದಳು. ಮೊದಲನೆಯದು ತನ್ನ ತಪ್ಪು ಎಂದು ಒಂದು ಚೀಟಿ ಬರೆಯಬಹುದಿತ್ತು. ಹೋಗಲಿ, ಒಂದು ತಾನೇ, ಅಂದುಕೊಂಡು ಸುಮ್ಮನಾದಳು.

ಸೋಮವಾರ ಬೆಳಿಗ್ಗೆ ಫೋರ್‌ಮನ್ ಸ್ವತಃ ಬಂದ. ಕೈಯಲ್ಲಿ ಗೋಣಿಚೀಲ. ಬಾಯಿ ಬಿಚ್ಚಿ ಮೇಜಿನ ಮೇಲೆ ಸುರಿದದ್ದೇ ತಡ, ಐದು ಬ್ಲೇಡುಗಳು ಝಣಝಣ ಎಂದು ಬಿಚ್ಚಿಕೊಂಡು ಅರ್ಧ ಅಂಗಡಿ ಆವರಿಸಿದವು. ಎಲ್ಲದಕ್ಕೂ ಬೊಚ್ಚು ಬಾಯಿ.

"ನೋಡಿ ಸ್ವಾಮಿ," ಎಂದ ಅವನು ಭಾವನ ಕಡೆ ತಿರುಗಿ. "ಒಂದು ವಾರಕ್ಕೆ ಐದು! ಇನ್ನೂ ಒಂದು ತುಂಡು ಕೆಳಗೆ ಬಿದ್ದಿಲ್ಲ. ನಿಮ್ಮ ಬ್ಲೇಡ್ ಸರಿಯಿಲ್ಲ ಅಂದ್ರೆ ಹೇಳ್ಬಿಡಿ, ಬೇರೆ ಕಡೆ ನೋಡ್ಕೋತೀವಿ. ಸರಿಯಿದೆ ಅಂತೀರಾ, ಹಾಗಾದ್ರೆ ನಮ್ಮ ನಿಧಾನಣ್ಣನ ಕೈ ಕೆಟ್ಟಿದೆ ಅಂತಾಯ್ತು. ಅವ್ರನ್ನ ಮಷಿನ್ ಬಿಡ್ಸಿ ಗೇಟ್ ಕಾಯೋಕೆ ಕೂರಿಸ್ತೀನಿ. ಎರಡ್ರಲ್ಲಿ ಒಂದು."

ಭಾವ ಅವನಿಗೆ ಟೀ ತರಿಸಿ ಸಮಾಧಾನ ಮಾಡಿ ಕಳಿಸಿದರು. ಆಮೇಲೆ ಇವಳ ಕಡೆ ತಿರುಗಿದರು. ಒಂದು ವರ್ಷದಿಂದ ಅವರ ತಲೆಯಲ್ಲೊಂದು ಹುಳ ಹೊಕ್ಕಿತ್ತು. ಕಂಪನಿಯಲ್ಲೇ ಬೆಸೆದು, ಡಬ್ಬಿಯಲ್ಲಿ ಸೀಲು ಮಾಡಿ ಬರುವ ಬ್ಲೇಡುಗಳನ್ನು ತಂದಿಡಬೇಕು, ಗಿರಾಕಿ ಬಂದ, ಡಬ್ಬಿ ಎತ್ತಿದ, ಹೋದ ಎಂಬ ಹಾಗಿರಬೇಕು. ಆ ಡಬ್ಬಿ ಮಾರುವವನು ತಿಂಗಳಿಗೆರಡು ಸಲ ಬಂದು ಹಲ್ಲುಗಿಂಜಿ ಹೋಗುತ್ತಿದ್ದ.

"ನಾಳೆ ಅಲ್ಲಿಗೆ ಹೋಗಿ ನೋಡೋಣ," ಎಂದರು ಭಾವ. "ತಪ್ಪು ನಮ್ಮದು ಅಂತಾದ್ರೆ ಈ ಮಷಿನ್ ಎತ್ತಿಸ್ಬಿಡ್ತೀನಿ ಕಣಮ್ಮ. ಡಬ್ಬಿ ತರಿಸೋಣ. ನೀನೂ ಎಷ್ಟು ದಿನ ಅಂತ ದುಡಿತೀಯ? ಮನೇಲಿ ಆರಾಮಾಗಿರು."

ಆರಾಮಾಗಿರು! ಬೈದಿದ್ದರೆ ತಿರುಗಿ ಎರಡು ಮಾತು ಹೇಳಬಹುದಿತ್ತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಐದು ಬ್ಲೇಡುಗಳನ್ನೂ ಎಳೆದುಕೊಂಡು ಕೂತಳು. ಬೆಸೆದ ಜಾಗದಲ್ಲಿ ಒಂದೂ ಬಿಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಉಸಿರು ಬಂತು. ನಾಲ್ಕು ಬ್ಲೇಡು ಮೂರು ಹಲ್ಲಿನವು, ಒಂದು ಎಂಟು ಹಲ್ಲಿನದು. ಫೋರ್‌ಮನ್ ಗಮನಿಸಿರಲಿಲ್ಲ. ಭಾವ ಗಮನಿಸಿರಲಿಲ್ಲ. ಹಲ್ಲು ಎಣಿಸುವ ಹುಚ್ಚು ಅವಳೊಬ್ಬಳಿಗೇ ಇದ್ದದ್ದು. ಡ್ರಾಯರು ಎಳೆದು ಬುಧವಾರದ ಪೊಟ್ಟಣ ತೆಗೆದಳು. ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: "ಗಟ್ಟಿ". ಅವನು ಎಂದಿನಂತೆ ತನ್ನ ಕೆಲಸ ಮಾಡಿದ್ದ. ಅವಳು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಮಂಗಳವಾರ ಅವಳು, ಭಾವ, ಗಂಡ ಮೂವರೂ ವ್ಯಾನು ಹತ್ತಿದರು. ಮೂರು ಹಲ್ಲಿನ ಹೊಸದೊಂದು ಬ್ಲೇಡನ್ನು ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹದಿನೆಂಟು ವರ್ಷ ಬ್ಲೇಡು ಬೆಸೆದವಳು ಅದು ಕೊಯ್ಯುವುದನ್ನು ಕಣ್ಣಾರೆ ನೋಡಿದ್ದೇ ಇಲ್ಲ ಅಂದರೆ ನಗುತ್ತೀರಿ, ಆದರೆ ಅದು ನಿಜ. ಅವಳಿಗೆ ಕೌಂಟರ್ ಬಿಟ್ಟು ಏಳಲು ಪುರುಸೊತ್ತು ಎಲ್ಲಿತ್ತು?

ವರ್ಕ್‌ಶಾಪಿನ ಮೂಲೆಯಲ್ಲಿ ಬ್ಯಾಂಡ್‌ಸಾ ನಿಂತಿತ್ತು, ಮಂಚದಷ್ಟು ದೊಡ್ಡದು. ಪಕ್ಕದಲ್ಲಿ ಮೂರು ಕಾಲಿನ ಸ್ಟೂಲು, ಸ್ಟೂಲಿನ ಮೇಲೆ ಬಿಳಿಗೂದಲಿನ ಸಣ್ಣ ಆಕೃತಿ. ಅವಳನ್ನು ಕಂಡು ಅವನು ಗಡಬಡಿಸಿ ಎದ್ದ. ಕೈಯನ್ನು ಬಟ್ಟೆಯಲ್ಲಿ ಒರೆಸಿದ್ದೇ ಒರೆಸಿದ್ದು.

"ನೀವೇನಾ ತಾಯಿ? ನಾನು ಇನ್ನೂ ವಯಸ್ಸಾದೋರು ಅಂದ್ಕೊಂಡಿದ್ದೆ."

"ನಾನು ನೀವು ಇನ್ನೂ ದಪ್ಪ ಇರ್ತೀರ ಅಂದ್ಕೊಂಡಿದ್ದೆ ಅಣ್ಣ," ಎಂದಳು ಅವಳು.

ವೈಸಿನ ಇಕ್ಕಳದಲ್ಲಿ ದಂಡ ಬಿಗಿದು ಕೂತಿತ್ತು. ಮೇಲಿಂದ ಸುಮಾರು ಅರ್ಧದವರೆಗೆ ಸೀಳು ಇಳಿದಿತ್ತು. ಐದು ಬ್ಲೇಡು ಸೇರಿ ಸಾಧಿಸಿದ್ದು ಅಷ್ಟು. ನಿಧಾನಣ್ಣ ಅವಳು ತಂದ ಹೊಸ ಬ್ಲೇಡನ್ನು ಚಕ್ರಗಳಿಗೆ ಏರಿಸಿದ. ಬಿಗಿ ನೋಡಿದ, ಬ್ಲೇಡನ್ನು ತಣಿಸುವ ಹಾಲಿನಂಥ ಕೂಲೆಂಟ್ ನೀರು ಬಿಟ್ಟ. ಎಲ್ಲ ಸರಿಯಾಗಿತ್ತು, ಅವಳು ಒಂದೊಂದನ್ನೂ ನೋಡುತ್ತಿದ್ದಳು. ಆಮೇಲೆ ಅವನು ಬ್ಲೇಡನ್ನು ಮೆಲ್ಲಗೆ ಇಳಿಸತೊಡಗಿದ. ನೇರವಾಗಿ, ಆ ಹಳೆಯ ಸೀಳಿನೊಳಕ್ಕೇ.

"ನಿಲ್ಸಿ!"

ಅವಳ ಕೂಗಿಗೆ ಆಚೆ ಕಡೆ ವೆಲ್ಡಿಂಗ್ ಮಾಡುತ್ತಿದ್ದವನೂ ನಿಲ್ಲಿಸಿದ.

"ನಾಲ್ಕೂ ಹೀಗೇ ಇಳ್ಸಿದ್ರಾ ಅಣ್ಣ?"

ನಿಧಾನಣ್ಣ ಹೌದೆಂದು ತಲೆಯಾಡಿಸಿದ. ಫೋರ್‌ಮನ್ ಹತ್ತಿರ ಬಂದ. "ಇನ್ನೆಲ್ಲಿ ಇಳಿಸ್ಬೇಕು? ಅರ್ಧ ಕೊಯ್ದಾಗಿದೆಯಲ್ಲ?"

ಅವಳಿಗೆ ತನ್ನ ಕೌಂಟರಿನ ಧ್ವನಿ ಮರಳಿ ಬಂತು. ನಿಂತ ಹೊಸ ಬ್ಲೇಡಿನ ಹಲ್ಲುಗಳತ್ತ ಬೆರಳು ಮಾಡಿದಳು. "ನೋಡಿ, ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಬಾಗಿದೆ. ಅದಕ್ಕೇ ಬ್ಲೇಡಿನ ಮೈಗಿಂತ ಸೀಳು ಅಗಲ ಬರೋದು. ಮೊದಲನೇ ಬ್ಲೇಡ್ ಸವೆದು, ಹಲ್ಲು ಉದುರಿ ನಿಂತಾಗ ಅದು ಮಾಡಿದ ಸೀಳು ಕಿರಿದು. ಹೊಸದು ಅಗಲ. ಅದನ್ನ ಒಳಗೆ ತುರುಕಿದ್ರೆ ಸಿಕ್ಹಾಕ್ಕೊಳ್ಳದೆ ಇನ್ನೇನು ಮಾಡುತ್ತೆ?" ಟಾರ್ಚು ಕೇಳಿ ಪಡೆದು ಸೀಳಿನೊಳಗೆ ಬೆಳಕು ಬಿಟ್ಟಳು. ತಳದಲ್ಲಿ ಏನೋ ಮಿನುಗಿತು. ತೆಳ್ಳನೆಯ ಸ್ಟೀಲ್ ಸ್ಕೇಲಿನಿಂದ ಕೆದಕಿ ಎಳೆದಾಗ ಅಂಗೈಗೆ ಬಿದ್ದದ್ದು ಮುರಿದ ಹಲ್ಲು. "ಇದು ದಂಡಕ್ಕಿಂತ ಗಟ್ಟಿ. ಹೊಸ ಬ್ಲೇಡ್ ಹೋಗಿ ಇದರ ಮೇಲೇ ಬೀಳುತ್ತೆ. ಒಂದರ ಹಲ್ಲು ಇನ್ನೊಂದನ್ನ ಕೊಲ್ಲುತ್ತೆ. ದಂಡ ತಿರುಗ್ಸಿ, ಆ ಕಡೆಯಿಂದ ಹೊಸ್ದಾಗಿ ಶುರು ಮಾಡ್ಬೇಕು."

ಭಾವನ ಮುಖ ಅರಳಿತು. ಗೆದ್ದೆವು ಎಂಬ ಹಾಗೆ ಅವರು ಅಂಗಿಯ ಕಾಲರು ಸರಿಮಾಡಿಕೊಂಡರು.

ಫೋರ್‌ಮನ್ ನಿಧಾನಣ್ಣನನ್ನೇ ನೋಡುತ್ತಿದ್ದ. "ಅಂದ್ರೆ ಬ್ಲೇಡ್ ಸರಿಯಾಗೇ ಇತ್ತು. ಐದನ್ನೂ ಕೊಂದೋರು ನೀವು. ಮೂವತ್ತು ವರ್ಷ ಮಷಿನ್ ಮುಂದೆ ಕೂತು ಇಷ್ಟು ಗೊತ್ತಾಗ್ಲಿಲ್ವಾ? ಸಾಕು ಬಿಡಿ. ನಾಳೆಯಿಂದ ಗೇಟ್ ಹತ್ರ ಕೂತ್ಕೊಳ್ಳಿ."

ನಿಧಾನಣ್ಣ ಕೈಯನ್ನು ಮತ್ತೆ ಬಟ್ಟೆಯಲ್ಲಿ ಒರೆಸತೊಡಗಿದ.

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಕುರ್ಚಿ ಉಳಿಯುತ್ತಿತ್ತು, ಮಷಿನ್ ಉಳಿಯುತ್ತಿತ್ತು, ಡಬ್ಬಿಯವನು ಬಾಲ ಮುದುರಿಕೊಂಡು ಹೋಗುತ್ತಿದ್ದ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಭಾವನ ಮುಖ ನೋಡಿದರೆ ಮಾತು ಹೊರಡುವುದಿಲ್ಲವೆಂದು ಫೋರ್‌ಮನ್ನಿನ ಜೇಬಿನಲ್ಲಿದ್ದ ಪೆನ್ನನ್ನೇ ನೋಡುತ್ತ ಹೇಳಿದಳು.

"ಐದಲ್ಲ, ನಾಲ್ಕು. ಮೊದಲನೇದು ನನ್ನ ತಪ್ಪು."

"ಏನಂದ್ರಿ ಅಕ್ಕ?"

"ಆ ಚೀಲದಲ್ಲಿ ಒಂದು ಬ್ಲೇಡ್ ಎಂಟು ಹಲ್ಲಿಂದು. ಎಣಿಸಿ ನೋಡಿ. ಅದು ಪೈಪಿಗೆ ಕೊಡೋದು. ಇದು ಗಟ್ಟಿ ದಂಡ ಅಂತ ಅಣ್ಣ ಪೊಟ್ಟಣದ ಮೇಲೆ ಬರ್ದು ಕಳ್ಸಿದ್ರು. ನಾನು ತಿರುಗ್ಸೇ ನೋಡ್ಲಿಲ್ಲ. ಅದು ಅರ್ಧದಲ್ಲಿ ಸಾಯದೆ ಇದ್ದಿದ್ರೆ ಹಳೇ ಸೀಳು ಎಲ್ಲಿಂದ ಬರ್ತಿತ್ತು? ಆಮೇಲಾದ್ರೂ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅವ್ರನ್ನ ಗೇಟಿಗೆ ಕಳಿಸೋದಾದ್ರೆ ನನ್ನನ್ನೂ ಎಲ್ಲಿಗಾದ್ರೂ ಕಳಿಸ್ಬೇಕಾಗುತ್ತೆ."

ಭಾವ ಕಾಲರಿನಿಂದ ಕೈ ತೆಗೆದರು. ಫೋರ್‌ಮನ್ ಒಮ್ಮೆ ಅವಳನ್ನು, ಒಮ್ಮೆ ನಿಧಾನಣ್ಣನನ್ನು, ಒಮ್ಮೆ ದಂಡವನ್ನು ನೋಡಿದ. ಅವನು ಕೆಟ್ಟವನೇನಲ್ಲ, ತಲೆ ಮೇಲೆ ಕೆಲಸ ಬಿದ್ದವನು. "ಮೊದ್ಲು ದಂಡ ತಿರುಗ್ಸಿ," ಎಂದ. "ತುಂಡು ಬೀಳ್ಲಿ, ಆಮೇಲೆ ನೋಡೋಣ."

ಸರಪಳಿ ಹಾಕಿ ಎತ್ತಿ, ದಂಡವನ್ನು ಅರ್ಧ ಸುತ್ತು ಹೊರಳಿಸಿ ಬಿಗಿದರು. ನಿಧಾನಣ್ಣ ಹೊಸ ಮೈಯ ಮೇಲೆ ಬ್ಲೇಡು ಇಳಿಸಿದ. ಹೊಸ ಬ್ಲೇಡಾದ್ದರಿಂದ ಮೊದಲ ಅರ್ಧ ಇಂಚಿಗೆ ಒತ್ತಡ ಅರ್ಧಕ್ಕರ್ಧ ಕಡಿಮೆ. ಇವಳು ಹೇಳಬೇಕಾಗಲಿಲ್ಲ. ಸದ್ದು ಮೊದಲು ಗೊರಗೊರ ಎಂದಿತು, ಆಮೇಲೆ ಒಂದೇ ಸಮನೆ ಗುಂಯ್ ಎನ್ನತೊಡಗಿತು. ಕೆಳಗೆ ಬೆಳ್ಳನೆಯ ಸುರುಳಿಗಳು ಉದುರಿದವು, ಬಿಸಿಬಿಸಿಯಾಗಿ. ಅವಳು ಅಷ್ಟು ವರ್ಷ ತಣ್ಣಗಾದವನ್ನೇ ನೋಡಿದ್ದಳು. ಚಿಕ್ಕ ಹುಡುಗಿಯ ಹಾಗೆ ಬಗ್ಗಿ ನೋಡುತ್ತ ನಿಂತಳು.

ಭಾವನೂ ಫೋರ್‌ಮನ್ನೂ ಟೀಗೆ ಹೋದರು. ನಿಧಾನಣ್ಣ ತನ್ನ ಸ್ಟೂಲು ಅವಳಿಗೆ ಬಿಟ್ಟುಕೊಟ್ಟು ತಾನು ಒಂದು ಮರದ ಪೆಟ್ಟಿಗೆಯ ಮೇಲೆ ಕೂತ.

"ಹಳೇ ಸೀಳಿಗೆ ಇಳಿಸ್ಬಾರ್ದು ಅಂತ ನಂಗೆ ಗೊತ್ತಿತ್ತು ತಾಯಿ," ಎಂದ. "ಮೂವತ್ತು ವರ್ಷದ ಕೆಲ್ಸ, ಗೊತ್ತಿಲ್ದೆ ಇರುತ್ತಾ? ದಂಡ ತಿರುಗ್ಸಿದ್ರೆ ಎರಡೂ ಕಡೆ ಸೀಳು ಸೇರೋ ಜಾಗದಲ್ಲಿ ಮೆಟ್ಟಿಲು ಬೀಳುತ್ತೆ, ಫೋರ್‌ಮನ್ ಕೂಗಾಡ್ತಾರೆ ಅಂತ ಒಂದು. ಇನ್ನೊಂದು..." ಅವನು ನಾಚಿಕೊಂಡ. "ನಿಮ್ಮ ಬ್ಲೇಡ್ ಅಲ್ವಾ, ತಡ್ಕೊಳ್ಳುತ್ತೆ ಅಂದ್ಕೊಂಡೆ. ಒಂದು ಹೋದ್ರೂ ಇನ್ನೊಂದು ತಡ್ಕೊಳ್ಳುತ್ತೆ ಅಂದ್ಕೊಂಡೆ."

"ನಾನೂ ಅದೇ ಅಣ್ಣ. ನಿಮ್ಮ ವರ್ಕ್‌ಶಾಪ್ ಅಲ್ವಾ, ನಂಗೆ ಗೊತ್ತಿಲ್ವಾ ಅಂದ್ಕೊಂಡೆ."

ಇಬ್ಬರಿಗೂ ನಗು ಬಂತು. ಒಂದೂಕಾಲು ಗಂಟೆ ಆ ಬ್ಲೇಡು ತನ್ನ ಪಾಡಿಗೆ ತಾನು ಕೊಯ್ಯಿತು. ಕೊನೆಗೆ ಎರಡು ಸೀಳುಗಳೂ ಒಂದಾಗಿ, ತುಂಡು ದೊಪ್ಪನೆ ಹಲಗೆಯ ಮೇಲೆ ಬಿತ್ತು. ಫೋರ್‌ಮನ್ ಓಡಿಬಂದು ಕೊಯ್ದ ಮೈಯ ಮೇಲೆ ಹೆಬ್ಬೆರಳು ಎಳೆದ. ನಡುವೆ ಉಗುರಿಗೆ ತಾಗುವಷ್ಟು ಮೆಟ್ಟಿಲಿತ್ತು. "ಇಷ್ಟು ತಾನೇ, ಲೇತಿಗೆ ಹಾಕಿ ಹೆರೆದ್ರೆ ಹೋಗುತ್ತೆ," ಎಂದ. ಆಮೇಲೆ ಯಾರ ಮುಖವನ್ನೂ ನೋಡದೆ, "ನಿಧಾನಣ್ಣ, ಇನ್ನೂ ಹತ್ತೊಂಬತ್ತು ತುಂಡಿದೆ. ಹೊಸ ಕಡೆಯಿಂದ ಶುರು ಮಾಡಿ," ಎಂದು ಹೊರಟುಹೋದ.

ವಾಪಸು ಬರುವಾಗ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಗಂಡ ಮಾತಾಡದಿರುವುದು ಹೊಸತಲ್ಲ. ಭಾವ ಮಾತಾಡದಿರುವುದು ಹೊಸತು. ನಿಧಾನಣ್ಣ ಉಳಿದ, ತನ್ನ ಕಥೆ ಮುಗಿಯಿತು ಎಂದು ಅವಳು ಗಟ್ಟಿ ಮಾಡಿಕೊಂಡಳು. ತಪ್ಪು ನಮ್ಮದಾದರೆ ಮಷಿನ್ ಎತ್ತಿಸುತ್ತೇನೆ ಎಂದಿದ್ದರಲ್ಲ. ತಪ್ಪು ನಮ್ಮದೆಂದು ಅವಳೇ ಎಲ್ಲರೆದುರು ಒಪ್ಪಿಕೊಂಡಿದ್ದಳು.

ರೈಲ್ವೆ ಗೇಟು ದಾಟಿದ ಮೇಲೆ ಭಾವ ಕೇಳಿದರು. "ಆ ಎಂಟು ಹಲ್ಲಿನ ವಿಷಯ ನೀನು ಬಾಯಿ ಬಿಡದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ವಾ?"

"ಇಲ್ಲ ಭಾವ."

"ನನಗೂ?"

"ನಿಮಗೂ."

ಭಾವ ಕಿಟಕಿಯ ಗಾಜು ಇಳಿಸಿದರು, ಮತ್ತೆ ಏರಿಸಿದರು. ಸಿಟ್ಟು ಬಂದಾಗಲೂ ಅವರು ಹೀಗೇ ಮಾಡುವುದು, ಮನಸ್ಸು ಕರಗಿದಾಗಲೂ ಹೀಗೇ.

"ಆ ಡಬ್ಬಿ ಮಾರೋನಿಗೆ ಇನ್ಮೇಲೆ ಬರ್ಬೇಡ ಅಂತ ಹೇಳ್ತೀನಿ," ಎಂದರು. "ಡಬ್ಬಿಯೊಳಗಿಂದ ಬರೋ ಬ್ಲೇಡು 'ತಪ್ಪು ನಂದು' ಅನ್ನಲ್ಲವಲ್ಲ ಕಣಮ್ಮ."

ಅವಳಿಗೆ ಅಳು ತಡೆಯಲಾಗಲಿಲ್ಲ. ಗಂಡ ವ್ಯಾನನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ, ಅವಳು ಅತ್ತು ಮುಗಿಸುವವರೆಗೆ ಎಂಜಿನ್ ಆರಿಸಿ ಕಾದ, ಆಮೇಲೆ ಹೊರಟ.